ಕ್ಯಾರಿಯರ್ ಕೂರುವ ತೂತಿನ ಥ್ರೆಡ್ ಹೋಗಿದೆ: ಎಂ6 ಮಾಡಲೋ, ಹೆಲಿಕಾಯಿಲ್ ಹಾಕಲೋ?

ಬೆಲ್ಲಿಲ್ಲದ ಸೈಕಲ್

ಅಲ್ಯೂಮಿನಿಯಂ ಫ್ರೇಮ್. ಹಿಂದಿನ ಡ್ರಾಪ್‌ಔಟ್ (ಚಕ್ರದ ಅಚ್ಚು ಕೂರುವ ಫ್ರೇಮಿನ ತುದಿ) ಮೇಲೆ ಕ್ಯಾರಿಯರ್ ಕಾಲು ಕೂರುವ ಕಿವಿ ಇದೆಯಲ್ಲ, ಬಲಗಡೆಯ ಕಿವಿಯ ಥ್ರೆಡ್ ಹೋಗಿದೆ. ಬೋಲ್ಟು ಸುಮ್ಮನೆ ತಿರುಗುತ್ತಲೇ ಇರುತ್ತದೆ, ಬಿಗಿ ಹಿಡಿಯುವುದಿಲ್ಲ. ಬಿಚ್ಚಿ ನೋಡಿದರೆ ಬೋಲ್ಟಿನ ತುದಿಗೆ ತೆಳ್ಳನೆಯ ಸ್ಪ್ರಿಂಗಿನ ಹಾಗೆ ಅಲ್ಯೂಮಿನಿಯಂ ಸುರುಳಿ ಸುತ್ತಿಕೊಂಡು ಬಂದಿದೆ.

ಅಳತೆಗಳು: ಕಿವಿಯ ದಪ್ಪ 6 ಮಿ.ಮೀ., ಹೊರ ವ್ಯಾಸ 11 ಮಿ.ಮೀ. ತೂತು ಈ ಬದಿಯಿಂದ ಆ ಬದಿಗೆ ಪೂರ್ತಿ ಇದೆ. ವರ್ನಿಯರ್‌ನಲ್ಲಿ ಒಳ ವ್ಯಾಸ ಈಗ ಸುಮಾರು 4.9 ಬರುತ್ತಿದೆ. ಹಾಕಿದ್ದ ಬೋಲ್ಟು ಎಂ5 (ಅಂದರೆ 5 ಮಿ.ಮೀ. ವ್ಯಾಸದ್ದು), ಉದ್ದ 12 ಮಿ.ಮೀ. ಅದೇ ಬೋಲ್ಟಿನಲ್ಲಿ ಕ್ಯಾರಿಯರ್ ಕಾಲು (4 ಮಿ.ಮೀ.), ಮಡ್‌ಗಾರ್ಡ್ ಕಡ್ಡಿಯ ಉಂಗುರ (3 ಮಿ.ಮೀ.), ಒಂದು ವಾಷರ್ (1 ಮಿ.ಮೀ.) ಮೂರೂ ಇದ್ದವು. ಚೈನು ಅತಿ ಚಿಕ್ಕ ಹಲ್ಲುಚಕ್ರದ ಮೇಲಿದ್ದಾಗ ಕಿವಿಯ ಒಳಮೈಗೂ ಚೈನಿಗೂ ನಡುವೆ 4 ಮಿ.ಮೀ. ಜಾಗ.

ಎರಡು ಕಡೆ ಚೀಲ ಹಾಕಿ ಭಾರ ಹೊರಬೇಕಾದ ಕ್ಯಾರಿಯರ್ ಇದು, ಮಿತಿ 25 ಕೆ.ಜಿ. ಎಂದು ಅಚ್ಚು ಹಾಕಿದ್ದಾರೆ. ತೂತನ್ನು ಎಂ6ಗೆ ದೊಡ್ಡದು ಮಾಡುವುದೋ, ಹೆಲಿಕಾಯಿಲ್ (ತೂತಿನೊಳಗೆ ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ) ಹಾಕುವುದೋ, ಅಥವಾ ಎಪಾಕ್ಸಿ ತುಂಬಿ ಹೊಸದಾಗಿ ಥ್ರೆಡ್ ಹಾಕಿದರೆ ಸಾಕೋ?

ಅಲೆನ್‌ಕೀ 4

ಸುರುಳಿ ಬಂದಿದೆ ಎಂದರೆ ಥ್ರೆಡ್ಡಿನ ಹಲ್ಲುಗಳು ಬುಡಸಮೇತ ಕಿತ್ತು ಬಂದಿವೆ ಎಂದೇ ಅರ್ಥ. ಹೊಸ ಎಂ5 ತೂತಿನ ಒಳ ವ್ಯಾಸ 4.2ರ ಆಸುಪಾಸು ಇರಬೇಕು, ನಿಮ್ಮದು 4.9. ಹಾಗಾಗಿ ಎಂ5 ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಸಾಧನ) ಹಾಕಿ ಥ್ರೆಡ್ ತಿದ್ದುವ ಮಾತು ಇಲ್ಲಿ ಮುಗಿಯಿತು. ಮುಂದೆ ಓದುವವರಿಗಾಗಿ ಒಂದು ಮಾತು: ಬೋಲ್ಟು ಓರೆಯಾಗಿ ಹತ್ತಿ ಹೊರಗಿನ ಒಂದೆರಡು ಸುತ್ತು ಮಾತ್ರ ಕೆಟ್ಟಿದ್ದರೆ ಟ್ಯಾಪನ್ನು ಕೆಟ್ಟ ಕಡೆಯಿಂದ ಹಾಕಬೇಡಿ. ತೂತಿನ ಹಿಂಬದಿಯಿಂದ ಹಾಕಿ. ಅಲ್ಲಿನ ಒಳ್ಳೆಯ ಸುತ್ತುಗಳೇ ಟ್ಯಾಪಿಗೆ ದಾರಿ ತೋರಿಸುತ್ತವೆ, ಕೆಟ್ಟ ಸುತ್ತುಗಳಿಗೆ ಬರುವ ಹೊತ್ತಿಗೆ ಅದು ನೆಟ್ಟಗಿರುತ್ತದೆ. ಮುಂದಿನಿಂದ ಹಾಕಿದರೆ ಆ ಓರೆ ಜಾಡನ್ನೇ ಹಿಡಿದುಕೊಂಡು ಹೋಗುತ್ತದೆ.

ಯಾಕೆ ಹೋಯಿತು ಎನ್ನುವುದು ನಿಮ್ಮ ಅಳತೆಯಲ್ಲೇ ಇದೆ. 12ರ ಬೋಲ್ಟಿನಲ್ಲಿ 4+3+1 ಕಳೆದರೆ ಕಿವಿಯೊಳಗೆ ಹೋಗಿದ್ದು 4 ಮಿ.ಮೀ. ಮಾತ್ರ. ಎಂ5ರ ಪಿಚ್ (ಸುತ್ತಿನಿಂದ ಸುತ್ತಿಗೆ ಇರುವ ದೂರ) 0.8, ಅಂದರೆ ಐದೇ ಸುತ್ತು. ಅದರಲ್ಲೂ ಮೊದಲ ಸುತ್ತು, ಕೊನೆಯ ಸುತ್ತು ಪೂರ್ತಿ ಕಚ್ಚಿರುವುದಿಲ್ಲ. ಅಲ್ಯೂಮಿನಿಯಂನಲ್ಲಿ ಬೋಲ್ಟಿನ ವ್ಯಾಸದಷ್ಟಾದರೂ ಉದ್ದ ಒಳಗಿರಬೇಕು, ಒಂದೂವರೆ ಪಟ್ಟು ಇದ್ದರೆ ನೆಮ್ಮದಿ. ಮಡ್‌ಗಾರ್ಡ್ ಆಮೇಲೆ ಸೇರಿಸಿ ಬೋಲ್ಟು ಮಾತ್ರ ಹಳೆಯದನ್ನೇ ಇಟ್ಟರೆ ಆಗುವುದು ಇದೇ.

ನನ್ನ ಓಟು ಎಂ6ಗೆ. ಎಂ6×1ರ ಟ್ಯಾಪಿಗೆ ಬೇಕಾದ ತೂತು 5.0 ಮಿ.ಮೀ., ನಿಮ್ಮದು ಆಗಲೇ 4.9. ಡ್ರಿಲ್ ಮಾಡುವ ಕೆಲಸವೇ ಇಲ್ಲವೆನ್ನಿ. ಟ್ಯಾಪ್ ಹಾಕಿ, ಬೋಲ್ಟು ಹಾಕಿ, ಮುಗಿಯಿತು. ಎಳೆತ ತಾಳುವ ಅಡ್ಡಕೊಯ್ತವೂ ಎಂ5ರಲ್ಲಿ 14.2 ಚದರ ಮಿ.ಮೀ. ಇದ್ದದ್ದು ಎಂ6ರಲ್ಲಿ 20.1 ಆಗುತ್ತದೆ.

ಎಡತಿರುಪು

ಕಾರಣ ಸರಿಯಾಗಿ ಹೇಳಿದ್ದೀರಿ, ಅದಕ್ಕೆ ತಕರಾರಿಲ್ಲ. ಎಂ6ಗೆ ಇದೆ.

ಎಂ5 ಹೆಲಿಕಾಯಿಲ್ ಹಾಕಲು ಬೇಕಾದ ಟ್ಯಾಪಿನ ಹೊರ ವ್ಯಾಸ 6.04 ಮಿ.ಮೀ. ಎಂ6 ಟ್ಯಾಪಿನದು 6.0. ಎರಡೂ ಕಿವಿಯಿಂದ ತೆಗೆಯುವ ಲೋಹ ಹೆಚ್ಚುಕಡಿಮೆ ಒಂದೇ. ಯಾವುದನ್ನು ಮಾಡಿದರೂ 11 ಮಿ.ಮೀ. ಕಿವಿಯಲ್ಲಿ ಸುತ್ತಲೂ ಎರಡೂವರೆ ಮಿ.ಮೀ. ಗೋಡೆ ಉಳಿಯುತ್ತದೆ, ಅದು ಸಾಕು. ಆದ್ದರಿಂದ ಎಂ6ಗೆ ಡ್ರಿಲ್ ಕೆಲಸ ಇಲ್ಲವೆಂದ ಮಾತ್ರಕ್ಕೆ ಫ್ರೇಮಿಗೆ ಕಡಿಮೆ ಪೆಟ್ಟು ಎಂದಾಗುವುದಿಲ್ಲ. ನೋಡಬೇಕಾದ್ದು ಮುಂದಿನ ಸಲ ಕೆಟ್ಟರೆ ಏನು ಎನ್ನುವುದನ್ನು. ಎಂ6 ಥ್ರೆಡ್ ಹೋದರೆ ಅದಕ್ಕೆ ಹಾಕುವ ಹೆಲಿಕಾಯಿಲ್‌ಗೆ 7.3 ಮಿ.ಮೀ. ಟ್ಯಾಪ್ ಬೇಕು, ಗೋಡೆ 1.85ಕ್ಕೆ ಇಳಿಯುತ್ತದೆ. ಎಂ5 ಹೆಲಿಕಾಯಿಲ್ ಕೆಟ್ಟರೆ ಹಳೆಯ ಸುರುಳಿ ಎಳೆದು ಹಾಕಿ ಅದೇ ತೂತಿಗೆ ಹೊಸ ಸುರುಳಿ ಕೂರಿಸಬಹುದು, ಲೋಹ ಮುಟ್ಟಬೇಕಿಲ್ಲ.

ಜೊತೆಗೆ ಎಂ6 ಬೋಲ್ಟು ಕ್ಯಾರಿಯರ್ ಕಾಲಿನಲ್ಲೂ ಹೋಗಬೇಕಲ್ಲ. ಆ ತೂತು ಎಂ5ಗೆ ಕೊರೆದದ್ದು, ಅದನ್ನು 6.4ಕ್ಕೆ ಹಿಗ್ಗಿಸಬೇಕು. ಕಾಲಿನ ತುದಿ ಚಪ್ಪಟೆ ಮಾಡಿದ ಕೊಳವೆಯಾದರೆ ತೂತಿನ ಪಕ್ಕ ಉಳಿಯುವ ಲೋಹ ನೋಡಿ ಭಯವಾಗುತ್ತದೆ. ಮಡ್‌ಗಾರ್ಡ್ ಕಡ್ಡಿಯ ಉಂಗುರಕ್ಕೂ ಅದೇ ಗತಿ.

ಕೀಳುವ ಬಲದಲ್ಲಿ ಎಂ6 ಕಡಿಮೆಯೇನಲ್ಲ, ಅದು ನಿಜ. ಆರೂ ಮಿ.ಮೀ. ಪೂರ್ತಿ ಕಚ್ಚುತ್ತದೆ. ಆದರೆ ಕ್ಯಾರಿಯರನ್ನು ಆಗಾಗ ಬಿಚ್ಚಿ ಹಾಕುವುದಿದ್ದರೆ ಉಕ್ಕಿನ ಬೋಲ್ಟು ಪ್ರತಿ ಸಲವೂ ಅಲ್ಯೂಮಿನಿಯಂ ಹಲ್ಲನ್ನೇ ಸವೆಸುತ್ತದೆ. ಹೆಲಿಕಾಯಿಲ್‌ನಲ್ಲಿ ಬೋಲ್ಟು ಉಜ್ಜುವುದು ಸ್ಟೇನ್‌ಲೆಸ್ ಸುರುಳಿಯನ್ನು.

ಬೇಕಾದ ಸಾಮಾನು: ಎಂ5×0.8 ಹೆಲಿಕಾಯಿಲ್ ಕಿಟ್ (5.2 ಮಿ.ಮೀ. ಬಿಟ್, ಟ್ಯಾಪ್, ಕೂರಿಸುವ ಕಡ್ಡಿ, ಸುರುಳಿಗಳು). ಎರಡು ಕಡೆ ಜನ ಎಡವುತ್ತಾರೆ. ಒಂದು, ಕಿಟ್ಟಿನ ಟ್ಯಾಪಿನ ಮೇಲೂ ಎಂ5×0.8 ಎಂದೇ ಕೆತ್ತಿರುತ್ತದೆ, ಆದರೆ ಅದು ಮಾಮೂಲಿ ಎಂ5 ಟ್ಯಾಪ್ ಅಲ್ಲ. ವ್ಯಾಸ 6 ಇದೆ ಎಂದು ಮನೆಯಲ್ಲಿದ್ದ ಎಂ6 ಟ್ಯಾಪ್ ಹಾಕಿದರೂ ಆಗುವುದಿಲ್ಲ, ಅದರ ಪಿಚ್ 1, ಇದರದ್ದು 0.8. ಎರಡು, ಸುರುಳಿಯ ಉದ್ದ. ಎಂ5ಗೆ 5, 7.5, 10 ಮಿ.ಮೀ. ಉದ್ದದವು ಬರುತ್ತವೆ. ನಿಮ್ಮ 6 ಮಿ.ಮೀ. ಕಿವಿಗೆ 5ರದ್ದೇ ಬೇಕು. 7.5ರದ್ದು ಹಿಂದೆ ಇಣುಕುತ್ತದೆ, ಅಲ್ಲಿರುವುದು ಚೈನು.

ಸ್ಪೋಕ್ ಕಡ್ಡಿ

ಎಪಾಕ್ಸಿ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಬೇಡ. ಬೋಲ್ಟಿಗೆ ಮೇಣ ಸವರಿ ಎಪಾಕ್ಸಿಯಲ್ಲಿ ಅಚ್ಚು ತೆಗೆಯುವ ಉಪಾಯ ಬಾಟಲಿ ಕೇಜಿನಂಥ ಹಗುರ ಕೆಲಸಕ್ಕೆ ನಡೆದೀತು. ಭಾರದ ಜೊತೆ ರಸ್ತೆಯ ಅದುರಾಟವೂ ಸೇರಿದರೆ ಮೊದಲು ಬಿಗಿ ಕಳೆದುಕೊಳ್ಳುತ್ತದೆ, ಆಮೇಲೆ ಪುಡಿಯಾಗುತ್ತದೆ. ಪುಡಿಯಾದ ಎಪಾಕ್ಸಿಯನ್ನು ತೂತಿನಿಂದ ಕೆರೆದು ತೆಗೆಯುವ ಕೆಲಸವೂ ನಿಮ್ಮ ಪಾಲಿಗೇ.

ವೆಲ್ಡಿಂಗ್ ಮಾಡಿ ತೂತು ಮುಚ್ಚಿ ಹೊಸದು ಕೊರೆಯಿರಿ ಎಂದು ಯಾರಾದರೂ ಹೇಳಿದರೆ ಅದನ್ನೂ ಕೇಳಬೇಡಿ. 6061 ಅಲ್ಯೂಮಿನಿಯಂ ಫ್ರೇಮಿಗೆ ಬಲ ಬರುವುದು ಬೆಸುಗೆಯ ನಂತರ ಇಡೀ ಫ್ರೇಮನ್ನು ಕುಲುಮೆಯಲ್ಲಿಟ್ಟು ಹದ ಮಾಡುವುದರಿಂದ. ಆಮೇಲೆ ಒಂದು ಮೂಲೆಗೆ ಕಾವು ಕೊಟ್ಟರೆ ಅಲ್ಲಿ ಹದ ಹೋಗುತ್ತದೆ, ಡ್ರಾಪ್‌ಔಟ್ ಮೆತ್ತಗಾಗುತ್ತದೆ. ಉಕ್ಕಿನ ಫ್ರೇಮಾದರೆ ಮಾತು ಬೇರೆ, ಅಲ್ಲಿ ಹಿತ್ತಾಳೆ ಬೆಸುಗೆಯಲ್ಲಿ ಕಿವಿಯನ್ನೇ ಹೊಸದಾಗಿ ಕೂರಿಸಬಹುದು. ಸುಟ್ಟುಹೋಗುವುದು ಬಣ್ಣ ಮಾತ್ರ.

ಬೆಲ್ಲಿಲ್ಲದ ಸೈಕಲ್

ಎಲ್ಲರಿಗೂ ಧನ್ಯವಾದ. ಹೆಲಿಕಾಯಿಲ್ ಕಡೆ ಮನಸ್ಸು ವಾಲಿದೆ. ಎರಡು ಅನುಮಾನ. ಇರುವುದು ಕೈಯಲ್ಲಿ ಹಿಡಿಯುವ ಡ್ರಿಲ್ ಮೆಷಿನ್ ಮಾತ್ರ, ತೂತು ನೆಟ್ಟಗೆ ಬರುತ್ತದೆಯೇ? ಇನ್ನೊಂದು, ಕೊರೆಯದೆಯೇ ಹಿಂದೆ ಒಂದು ನಟ್ಟು ಹಾಕಿ ಬಿಗಿದರೆ ಆಗುವುದಿಲ್ಲವೇ?

ಗ್ರೀಸ್ ಡಬ್ಬಿ

ನಟ್ಟಿನ ಪ್ರಶ್ನೆಗೆ ನಾನು ಹೇಳುತ್ತೇನೆ, ಏಕೆಂದರೆ ಕೊರೆಯುವ ಮೊದಲು ನೋಡಬೇಕಾದ ದಾರಿ ಅದೇ.

ಎಡಗಡೆಯ ಕಿವಿಯಾಗಿದ್ದರೆ ಯೋಚಿಸುವ ಅಗತ್ಯವೇ ಇರಲಿಲ್ಲ: ಉದ್ದನೆಯ ಬೋಲ್ಟು, ಹಿಂದೆ ನೈಲಾಕ್ ನಟ್ಟು (ಒಳಗೆ ನೈಲಾನ್ ಉಂಗುರವಿದ್ದು ತಾನಾಗಿ ಸಡಿಲಾಗದ್ದು), ಡಿಸ್ಕ್ ಬ್ರೇಕಿಗೆ ತಗಲುವುದಿಲ್ಲ ಎಂದು ನೋಡಿಕೊಂಡರೆ ಆಯಿತು. ಬಲಗಡೆ ನಿಮಗೆ ಇರುವುದು 4 ಮಿ.ಮೀ. ಎಂ5 ನೈಲಾಕ್ ನಟ್ಟಿನ ಎತ್ತರವೇ 5. ತೆಳು ನಟ್ಟು 2.7 ಇರುತ್ತದೆ, ಅದರಾಚೆ ಬೋಲ್ಟಿನ ತುದಿ ಸ್ವಲ್ಪ ಚಾಚಬೇಕು, ತೆಳು ನಟ್ಟಿಗೆ ಲಾಕ್ ಆಗುವ ಗುಣವೂ ಇಲ್ಲ.

ಬೋಲ್ಟನ್ನು ತಿರುಗಿಸಿ ಹಾಕಿ. ಚಕ್ರ ಬಿಚ್ಚಿ, ಒಳಗಡೆಯಿಂದ ಹೊರಕ್ಕೆ ಗುಂಡುತಲೆಯ ಎಂ5 ಬೋಲ್ಟು ತೂರಿಸಿ. ಆ ತಲೆಯ ಎತ್ತರ 2.75 ಮಿ.ಮೀ. ಹೊರಗೆ ಚಾಚಿದ ಬೋಲ್ಟಿನ ಮೇಲೆ ಕ್ಯಾರಿಯರ್ ಕಾಲು, ಮಡ್‌ಗಾರ್ಡ್ ಉಂಗುರ, ವಾಷರ್, ಕೊನೆಗೆ ನೈಲಾಕ್ ನಟ್ಟು. ಉದ್ದ ಹೀಗೆ: ಕಿವಿ 6, ಕಾಲು 4, ಉಂಗುರ 3, ವಾಷರ್ 1, ನಟ್ಟು 5, ಒಟ್ಟು 19. 20ರ ಬೋಲ್ಟು ಸರಿಯಾಗಿ ಒಂದು ಮಿ.ಮೀ. ಹೊರಗೆ ಕಾಣುತ್ತದೆ. ಬೋಲ್ಟಿನ ತಲೆಗೆ 3ರ ಅಲೆನ್ ಕೀ ಕೊಟ್ಟು ಹಿಡಿದುಕೊಳ್ಳಿ, ತಿರುಗಿಸುವುದು ನಟ್ಟನ್ನು, 8ರ ಸ್ಪ್ಯಾನರ್‌ನಲ್ಲಿ. ತೂತಿನಲ್ಲಿ ಉಳಿದ ಚೂರುಪಾರು ಥ್ರೆಡ್ ಬೋಲ್ಟನ್ನು ತಡೆದರೆ 5.0 ಬಿಟ್‌ನಿಂದ ಕೆರೆದುಬಿಡಿ. 5.5 ಬಿಟ್ ಮಾತ್ರ ಹಾಕಬೇಡಿ. 5.0ಕ್ಕೆ ನಿಲ್ಲಿಸಿದರೆ ಎಂ6, ಹೆಲಿಕಾಯಿಲ್ ಎರಡೂ ದಾರಿ ತೆರೆದೇ ಇರುತ್ತವೆ. 5.5 ಆದ ತೂತಿನಲ್ಲಿ ಹೆಲಿಕಾಯಿಲ್ ಟ್ಯಾಪಿಗೆ ಕಚ್ಚಲು ಬೇಕಾದಷ್ಟು ಲೋಹ ಉಳಿಯುವುದಿಲ್ಲ.

ಉಳಿಯುವ ಜಾಗ 1.25 ಮಿ.ಮೀ. ಇದು ಇಕ್ಕಟ್ಟೇ. ಚಕ್ರ ಹಾಕಿ, ಸೈಕಲ್ ಎತ್ತಿ ಹಿಡಿದು, ಎರಡನೇ ಹಲ್ಲುಚಕ್ರದಿಂದ ಅತಿ ಚಿಕ್ಕದಕ್ಕೆ ಚೈನು ಇಳಿಸಿ ಹತ್ತಾರು ಸಲ ನೋಡಿ. ಇಳಿಯುವ ಕ್ಷಣದಲ್ಲಿ ಚೈನು ಸ್ವಲ್ಪ ಹೊರಕ್ಕೆ ಬಾಗುತ್ತದೆ, ತಗಲಿದರೆ ಆಗಲೇ ಟಿಕ್ ಟಿಕ್ ಸದ್ದು. ತಲೆಯನ್ನು ಅರದಲ್ಲಿ ಅರ್ಧ ಮಿ.ಮೀ. ಉಜ್ಜಬಹುದು. ಹೆಚ್ಚು ಉಜ್ಜಿದರೆ ಅಲೆನ್ ಕೀ ಹಿಡಿಯುವ ಗುಳಿಯೇ ಹೋಗುತ್ತದೆ. ಚಪ್ಪಟೆ ತಲೆಯ ಬೋಲ್ಟಿಗಾಗಿ ಕಿವಿಯನ್ನು ಇಳಿಜಾರಾಗಿ ಕೊರೆಯುವ ಆಲೋಚನೆ ಬಂದರೆ ಬಿಟ್ಟುಬಿಡಿ, 6 ಮಿ.ಮೀ. ಕಿವಿಯಲ್ಲಿ ಹತ್ತಿರಹತ್ತಿರ ಅರ್ಧ ಅಲ್ಲೇ ಕರಗುತ್ತದೆ.

ತಗಲದಿದ್ದರೆ, ನನ್ನ ಪ್ರಕಾರ ಹೆಲಿಕಾಯಿಲ್‌ಗಿಂತ ಇದೇ ಗಟ್ಟಿ. ಇಡೀ ಕಿವಿಯನ್ನು ತಲೆ ಮತ್ತು ನಟ್ಟು ಎರಡೂ ಕಡೆಯಿಂದ ಅಮುಕುತ್ತವೆ, ಅಲ್ಯೂಮಿನಿಯಂ ಥ್ರೆಡ್ಡಿಗೆ ಕೆಲಸವೇ ಇಲ್ಲ. ಕಷ್ಟ ಒಂದೇ: ಬೋಲ್ಟು ಬದಲಿಸಬೇಕೆಂದರೆ ಪ್ರತಿ ಸಲ ಚಕ್ರ ಬಿಚ್ಚಬೇಕು.

ಎಡತಿರುಪು

ಒಪ್ಪಿದೆ, ಚೈನಿಗೆ ತಗಲದಿದ್ದರೆ ಅದೇ ಮೊದಲು. ತಗಲಿದರೆ ಹೆಲಿಕಾಯಿಲ್. ಡ್ರಿಲ್ ಮೆಷಿನ್ ಬಗ್ಗೆ ಹೇಳುತ್ತೇನೆ: ಬೇಡವೇ ಬೇಡ.

ನೀವು 4.9ನ್ನು 5.2 ಮಾಡಬೇಕು. ಪ್ರತಿ ಬದಿಗೆ ತೆಗೆಯುವುದು 0.15 ಮಿ.ಮೀ. ಇಷ್ಟು ತೆಳುವಾಗಿ ಹೆರೆಯುವಾಗ ಮೆಷಿನ್ನಿನ ಬಿಟ್ ಅಲ್ಯೂಮಿನಿಯಂ ಅನ್ನು ಗಬಕ್ಕನೆ ಕಚ್ಚಿ, ತಿರುಪಿನ ಹಾಗೆ ತನ್ನನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಕೈ ಜಗ್ಗುತ್ತದೆ, ತೂತು ಮೊಟ್ಟೆಯಾಕಾರ ಆಗುತ್ತದೆ. ಬಿಟ್ಟನ್ನು ಟ್ಯಾಪ್ ಹ್ಯಾಂಡಲ್‌ಗೆ ಅಥವಾ ಕೈಹಿಡಿ ಚಕ್‌ಗೆ ಸಿಕ್ಕಿಸಿ, ಕೈಯಿಂದಲೇ ನಿಧಾನ ತಿರುಗಿಸಿ. ಹಳೆಯ ತೂತೇ ದಾರಿ ತೋರಿಸುವುದರಿಂದ ಅಷ್ಟಾಗಿ ಓರೆ ಹೋಗುವುದಿಲ್ಲ.

ಚಕ್ರ ತೆಗೆದಿರಲಿ, ಡಿರೈಲರ್ (ಗೇರ್ ಬದಲಿಸುವ ಭಾಗ) ಮೇಲೆ ಬಟ್ಟೆ ಹೊದಿಸಿ, ಸಿಪ್ಪೆ ಅದರ ಸಂದಿಗೆ ಬೀಳಬಾರದು. ಟ್ಯಾಪಿಗೆ ಸೀಮೆಎಣ್ಣೆ ಅಥವಾ ತೆಳು ಎಣ್ಣೆ ಬೇಕೇ ಬೇಕು. ಒಣಗಿದ್ದರೆ ಅಲ್ಯೂಮಿನಿಯಂ ಟ್ಯಾಪಿನ ಹಲ್ಲಿಗೆ ಮೆತ್ತಿಕೊಂಡು, ಕೊರೆದ ಥ್ರೆಡ್ಡನ್ನೇ ಹರಿಯುತ್ತದೆ. ಮೊದಲ ಎರಡು ಸುತ್ತು ಆದಮೇಲೆ ನಿಲ್ಲಿಸಿ, ಹಿಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ, ಮೂಲೆಮಟ್ಟ ಹಿಡಿದು ನೋಡಿ. ಓರೆ ಇದ್ದರೆ ತಿದ್ದಲು ಇದೇ ಕೊನೆಯ ಅವಕಾಶ. ಆಮೇಲೆ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಟ್ಯಾಪಿನ ತುದಿ ಮೊನಚು, ಹಾಗಾಗಿ ಪೂರ್ಣ ಹಲ್ಲು ಹಿಂಬದಿಯವರೆಗೂ ಮೂಡಬೇಕಾದರೆ ಅದು ಆ ಕಡೆ ಸಾಕಷ್ಟು ಹೊರಬರಬೇಕು. ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಒಣಗಿಸಿ.

ಸುರುಳಿ ಕೂರಿಸುವುದು: ಸುರುಳಿಯ ಹೊರಮೈಗೆ ಒಂದೇ ಹನಿ ಲಾಕ್‌ಟೈಟ್ 243 (ಥ್ರೆಡ್ ಸಡಿಲಾಗದಂತೆ ಹಿಡಿಯುವ ಅಂಟು). ಕಡ್ಡಿಯ ತುದಿಯ ಸೀಳಿಗೆ ಸುರುಳಿಯ ಅಡ್ಡಬಾಲವನ್ನು ಸಿಕ್ಕಿಸಿ ತಿರುಗಿಸಿ. ಒತ್ತಬಾರದು, ಒತ್ತಿದರೆ ಸುರುಳಿ ಒಂದು ಜಾಡು ಹಾರಿ ಪಕ್ಕದ ಜಾಡಿಗೆ ಬೀಳುತ್ತದೆ. ಹಾಗಾದದ್ದು ನಿಮಗೆ ಗೊತ್ತಾಗುವುದು ಬೋಲ್ಟು ಹೋಗದಿದ್ದಾಗ. ಮೇಲ್ತುದಿ ಕಿವಿಯ ಮೈಯಿಂದ ಕಾಲು ಸುತ್ತೋ ಅರ್ಧ ಸುತ್ತೋ ಒಳಗಿರುವಾಗ ನಿಲ್ಲಿಸಿ. ಹಿಂದಕ್ಕೆ ತಿರುಗಿಸಬೇಡಿ, ಬಾಲ ಮುರಿದೀತು. ಲಾಕ್‌ಟೈಟ್ ಒಣಗಿದ ಮೇಲೆ ಬಾಲವನ್ನು ಸಣ್ಣ ಪಂಚ್ ಇಟ್ಟು ಒಂದೇ ಏಟಿಗೆ ಮುರಿಯಿರಿ. ಮುರಿದ ಚೂರು ಕೈಗೆ ಸಿಗುವವರೆಗೂ ಹುಡುಕಿ, ಅದು ಚೈನಿನಲ್ಲಿ ಸಿಕ್ಕಿಕೊಳ್ಳುವ ಜಾಗ.

ಕೊನೆಗೇರ್

ಇದೇ ಜಾಡಿನ ಇನ್ನೊಂದು ಪ್ರಶ್ನೆ. ಬಾಟಲಿ ಕೇಜಿನ ಬೋಲ್ಟು ಬಿಚ್ಚುವಾಗ ತೂತಿನ ಥ್ರೆಡ್ ಸಮೇತ ಇಡೀ ತುಂಡೇ ಗರಗರ ತಿರುಗುತ್ತದೆ. ಇದಕ್ಕೂ ಹೆಲಿಕಾಯಿಲ್ಲೇ?

ಗ್ರೀಸ್ ಡಬ್ಬಿ

ಅಲ್ಲ. ಅದು ರಿವ್‌ನಟ್, ಫ್ರೇಮಿನ ತೆಳು ಗೋಡೆಗೆ ಅಮುಕಿ ಕೂರಿಸಿದ ತುಂಡು. ಥ್ರೆಡ್ ಚೆನ್ನಾಗಿದೆ, ಹಿಡಿತ ಸಡಿಲಾಗಿದೆ ಅಷ್ಟೇ. ಬೋಲ್ಟು ಹೊರಬಂದಿದ್ದರೆ ಮತ್ತೆ ಅಮುಕಿ: ಎಂ5×30 ಬೋಲ್ಟಿಗೆ ಒಂದು ನಟ್ಟನ್ನು ತಲೆಯವರೆಗೆ ಏರಿಸಿ, ಕೆಳಗೆ ಗ್ರೀಸ್ ಸವರಿದ ಎರಡು ವಾಷರ್ ಹಾಕಿ, ಬೋಲ್ಟನ್ನು ರಿವ್‌ನಟ್ಟಿನೊಳಗೆ ಪೂರ್ತಿ ಇಳಿಸಿ. ಈಗ ಬೋಲ್ಟಿನ ತಲೆಯನ್ನು ಅಲೆನ್ ಕೀಯಲ್ಲಿ ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ಕೆಳಕ್ಕೆ ಬಿಗಿಯಿರಿ. ಬೋಲ್ಟು ರಿವ್‌ನಟ್ಟಿನ ಒಳತುದಿಯನ್ನು ಮೇಲಕ್ಕೆ ಎಳೆದು, ಗೋಡೆಯ ಹಿಂದೆ ಅದು ಉಬ್ಬಿ ಕಚ್ಚುತ್ತದೆ. ಗ್ರೀಸ್ ಇಲ್ಲದಿದ್ದರೆ ನಟ್ಟಿನ ತಿರುಗಾಟ ವಾಷರ್ ಮೂಲಕ ರಿವ್‌ನಟ್ಟಿಗೂ ದಾಟಿ ಅದೂ ಸುತ್ತುತ್ತದೆ. ಕೈಗೆ ಬಿಗಿ ಸಿಕ್ಕ ಮೇಲೆ ಕಾಲು ಸುತ್ತಿಗೆ ನಿಲ್ಲಿಸಿ, ಹೆಚ್ಚು ಎಳೆದರೆ ಥ್ರೆಡ್ಡೇ ಕಿತ್ತು ಬರುತ್ತದೆ. ಕಾರ್ಬನ್ ಫ್ರೇಮಾದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಗೋಡೆ ಸೀಳುತ್ತದೆ.

ಬೋಲ್ಟು ಒಳಗೇ ಸಿಕ್ಕಿಕೊಂಡು ಎರಡೂ ಒಟ್ಟಿಗೆ ಸುತ್ತುತ್ತಿದ್ದರೆ ರಿವ್‌ನಟ್ಟಿನ ಅಂಚನ್ನು ಕೊರೆದು ತೆಗೆದು ಹೊಸದು ಹಾಕುವುದೇ ದಾರಿ. ಎಂ5 ರಿವ್‌ನಟ್ಟಿಗೆ ಸಾಮಾನ್ಯವಾಗಿ 7 ಮಿ.ಮೀ. ತೂತು ಇರುತ್ತದೆ, ಅದಕ್ಕಿಂತ ದೊಡ್ಡ ಬಿಟ್ ಹಾಕಬೇಡಿ. ಹಳೆಯದರ ಬಾಲ ಕೊಳವೆಯೊಳಗೆ ಬೀಳುತ್ತದೆ. ಸೀಟ್ ಪೋಸ್ಟ್ ತೆಗೆದೋ ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ಕೂರುವ ಭಾಗ) ಬಿಚ್ಚಿಯೋ ಹೊರತೆಗೆಯದಿದ್ದರೆ ಗಲಗಲ ಸದ್ದು ನಿಲ್ಲುವುದಿಲ್ಲ.

ಅಲೆನ್‌ಕೀ 4

ಎಡತಿರುಪು ಅವರ ಗೋಡೆ ಲೆಕ್ಕ ನೋಡಿ ಓಟು ಬದಲಿಸಿದ್ದೇನೆ. ಬೋಲ್ಟಿನ ವಿಷಯ ಮಾತ್ರ ಉಳಿದಿತ್ತು.

ಹೆಲಿಕಾಯಿಲ್ ಹಾಕಿದರೆ ಬೋಲ್ಟು ಎಂ5×14: 8 ಹೊರಗೆ, 6 ಒಳಗೆ, ಹಿಂದೆ ಸಮಮಟ್ಟ. 14 ಸಿಗದಿದ್ದರೆ 16ರದ್ದನ್ನು 2 ಮಿ.ಮೀ. ಅರದಲ್ಲಿ ಉಜ್ಜಿ. ಉಜ್ಜುವ ಮೊದಲು ಒಂದು ನಟ್ಟು ಏರಿಸಿಟ್ಟರೆ, ಆಮೇಲೆ ಅದನ್ನು ಬಿಚ್ಚುವಾಗ ಕೆಟ್ಟ ತುದಿಯ ಥ್ರೆಡ್ ತಾನಾಗಿ ಸರಿಯಾಗುತ್ತದೆ. ಬೋಲ್ಟಿಗೆ ಮೆದು ಹಿಡಿತದ ಲಾಕ್‌ಟೈಟ್ 222 ಹಾಕಿ, 243 ಬೇಡ. 243 ಹಾಕಿದರೆ ಮುಂದೆ ಬಿಚ್ಚುವಾಗ ಬೋಲ್ಟಿನ ಜೊತೆ ಸುರುಳಿಯೂ ಹೊರಬರುವ ಸಾಧ್ಯತೆ ಇದೆ. ಮೊದಲ ಮೂರು ಸುತ್ತು ಬರಿ ಬೆರಳಲ್ಲಿ ಹೋಗಬೇಕು. ಬೆರಳಿಗೆ ಹೋಗದ ಬೋಲ್ಟಿಗೆ ಕೀ ಹಾಕಿದರೆ ಓರೆ ಹತ್ತುತ್ತದೆ. ಬಿಗಿ 4ರಿಂದ 5 ನ್ಯೂಟನ್ ಮೀಟರ್. ಟಾರ್ಕ್ ಕೀ ಇಲ್ಲದಿದ್ದರೆ 4ರ ಅಲೆನ್ ಕೀಯ ಉದ್ದದ ತುದಿಯನ್ನು ಬೋಲ್ಟಿಗೆ ಹಾಕಿ ಗಿಡ್ಡ ತುದಿಯನ್ನು ಹಿಡಿದು ಬಿಗಿಯಿರಿ, ಅತಿಯಾಗಿ ಬಿಗಿಯಲು ಕೈಗೇ ಆಗುವುದಿಲ್ಲ.

ಬಿಗಿ ಮುಖ್ಯವಾಗುವುದು ಇದಕ್ಕೆ: ಬೋಲ್ಟು ಬಿಗಿಯಿದ್ದಾಗ ಭಾರ ಹೊರುವುದು ಕಾಲಿಗೂ ಕಿವಿಗೂ ನಡುವಿನ ಘರ್ಷಣೆ. ಸಡಿಲಾದರೆ ಇಡೀ ಭಾರ ಬೋಲ್ಟಿನ ಕಂಬದ ಮೇಲೆ, ಪ್ರತಿ ಗುಂಡಿಗೂ ಅದು ಸುತ್ತಿಗೆಯ ಹಾಗೆ ಥ್ರೆಡ್ಡನ್ನು ಬಡಿಯುತ್ತದೆ. ಭಾರ ಹೇರಿ 50 ಕಿ.ಮೀ. ಓಡಿಸಿದ ಮೇಲೆ ಒಮ್ಮೆ ಕೀ ಹಾಕಿ ನೋಡಿ. ಎಡಗಡೆಯ ಬೋಲ್ಟನ್ನೂ ಬಿಚ್ಚಿ ಅಳೆಯಿರಿ. ಅದೂ 12ರದ್ದೇ ಇದ್ದರೆ, ಥ್ರೆಡ್ ಇನ್ನೂ ಇರುವಾಗಲೇ 14 ಹಾಕಿ.